ಮೌಶಿಗೆ ಸಾಕ್ಷಿ ಬೇಕಿತ್ತು

ಆಕೆಯ ಬಲಗೈ ಹೆಬ್ಬೆರಳು ಎಡಗೈಯದಕ್ಕಿಂತ ದಪ್ಪ, ತುದಿಯಲ್ಲಿ ಬಟಾಣಿಯಷ್ಟು ಜಡ್ಡು. ಮೂವತ್ತು ವರ್ಷ ವೈರಸ್ ಪ್ರಯೋಗಾಲಯದಲ್ಲಿ ಹನಿ ಅಳೆಯುವ ಪಿಪೆಟ್ ಒತ್ತಿದ ಗುರುತು. ತಾರ್ನಾಕದಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ, ಚಿಕ್ಕಮ್ಮನಂತೆ ನಾವು ಮೌಶಿ ಎನ್ನುತ್ತಿದ್ದ ಈಕೆ ಯಾವುದನ್ನೂ ಸುಮ್ಮನೆ ನಂಬಿದವರಲ್ಲ. ಹಾಲಿನವನ ಹಾಲಾಗಲಿ, ಮದುವೆಯ ಸುದ್ದಿಯಾಗಲಿ, "ನಿನಗ ಹ್ಯಾಂಗ ಗೊತ್ತು?" ಅನ್ನುತ್ತಿದ್ದರು. ನಾರಾಯಣಗೂಡದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ ಗೆಲ್ಲುತ್ತಿದ್ದ ನಾನು, ಈಕೆ ನನ್ನ ಪಂಗಡದವರೇ ಎಂದುಕೊಂಡಿದ್ದೆ.

ಅಪ್ಪನದು ಕಸಿ ಮಾಡಿದ ಮೂತ್ರಪಿಂಡ. ದೇಹ ಅದನ್ನು ತಳ್ಳಿಬಿಡದಿರಲೆಂದು ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಮದ್ದು ನಡೆದಿತ್ತು. ಹಾಗಿರುವಾಗಲೇ ಕೊರೋನಾ ಬಂತು. ವೈದ್ಯರು ಐದು ದಿನದ ಗುಳಿಗೆ ಬರೆದರು. ಮೂರನೆಯ ದಿನ ಜ್ವರ ಇಳಿಯಿತು, ನನ್ನ ವಾದ ಏರಿತು. ಜ್ವರವೇ ಇಲ್ಲದ ಮೇಲೆ ಯಾಕೆ ನುಂಗಬೇಕು? ವೈರಸ್ಸನ್ನು ಕೆರಳಿಸಿ ಬದಲಾಯಿಸುವುದೇ ಈ ಔಷಧವಂತೆ, ಎಲ್ಲ ಕಂಪನಿಗಳ ಆಟ. ಅಪ್ಪ ವಾದಕ್ಕೆ ಸೋತು ಗುಳಿಗೆ ನಿಲ್ಲಿಸಿದರು. ಮುಂದೆ ಯಾರಿಗಾದರೂ ಬೇಕಾದೀತೆಂದು ಅವ್ವ ಉಳಿದ ಗುಳಿಗೆಗಳನ್ನು ಡಬ್ಬಿಯಲ್ಲಿ ಎತ್ತಿಟ್ಟಳು.

ಎರಡು ವಾರಕ್ಕೆ ಅಪ್ಪನಿಗೆ ಉಸಿರು ಸಾಲದಾಯಿತು. ಆಸ್ಪತ್ರೆಯಲ್ಲಿ ಅದೇ ಔಷಧ ಮತ್ತೆ ಕೊಟ್ಟರೂ ವೈರಸ್ ಜಗ್ಗಲಿಲ್ಲ. ಮೌಶಿ ಮೇಲೆ ಬಂದು ಡಬ್ಬಿ ಕೇಳಿದರು, ಗುಳಿಗೆ ಎಣಿಸಿದರು.

"ಔಷಧ ವೈರಸ್ಸಿಗೆ ಬುದ್ಧಿ ಕಲಿಸಂಗಿಲ್ಲವ್ವಾ. ಅದು ತನ್ನ ನಕಲು ತಾನ ತೆಗೀತೈತಿ, ತೆಗಿಯೋವಾಗ ತಪ್ಪ ಮಾಡ್ತೈತಿ. ಔಷಧಕ್ಕ ಸಾಯೋವು ಸಾಯ್ತಾವ. ಯಾವುದೋ ಒಂದು ತಪ್ಪಿನಿಂದ ಉಳಕೊಂಡದ್ದು ಮೈ ತುಂಬ ಹಬ್ಬತೈತಿ. ನಿಮ್ಮಪ್ಪಗ ಹೊಡಿಯೋ ಕಸುವು ಕಡಿಮಿ, ವೈರಸ್ಸಿಗೆ ಭಾಳ ದಿನ ಸಿಕ್ಕಾವು."

"ಅಂದ್ರ ನನ್ನಿಂದನ ಆಗೈತಿ ಅಂತೀರೇನ್ರಿ?"

"ತಡಿ. ಮೊದಲಿನ ಸ್ಯಾಂಪಲ್ ನೋಡೂಣು."

ಆಕೆಯೇ ಬೆನ್ನುಹತ್ತಿ ಮೊದಲ ವಾರದ್ದು, ಈಗಿನದು, ಎರಡೂ ಸ್ಯಾಂಪಲ್‌ಗಳ ವಂಶವಾಹಿ ಓದಿಸಿದರು. ಈಗಿನದರಲ್ಲಿ, ಔಷಧ ಹಿಡಿತ ಹಾಕುವ ಜಾಗದಲ್ಲಿ ಒಂದಕ್ಷರ ಬದಲಾಗಿತ್ತು. ವೈದ್ಯರು ಬೇರೆ ಬಗೆಯ ಎರಡು ಔಷಧ ಕೂಡಿಸಿ ಕೊಟ್ಟರು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಾನು ಅಳುತ್ತ ತಪ್ಪೊಪ್ಪಿಕೊಂಡೆ.

"ಪೂರ್ತಿ ನುಂಗಿದ್ರೂ ಹಿಂಗ ಆಗ್ತಿತ್ತೇನೋ," ಎಂದರು ಮೌಶಿ. "ನಿನ್ನ ಬೈಯಾಕ ನನ್ನ ಕಡೆ ಸಾಕ್ಷಿ ಇಲ್ಲ. ನಿಂದು ತಪ್ಪಿಲ್ಲ ಅನ್ನಾಕೂ ಇಲ್ಲ."

ಸಮಾಧಾನ ಹೇಳಬಹುದಿತ್ತು. ಹೇಳಲಿಲ್ಲ. ಅಪ್ಪ ನಿಧಾನವಾಗಿ ಚೇತರಿಸಿಕೊಂಡಾಗಲೂ, ಎರಡು ಔಷಧದಿಂದಲೇ ಎಂದು ಖಚಿತವಾಗಿ ನುಡಿಯಲು ಆಕೆ ತಯಾರಿರಲಿಲ್ಲ.

ಮೌಶಿ ಹೋದ ವರ್ಷ ಹೃದಯಾಘಾತದಿಂದ ತೀರಿಕೊಂಡರು. ನೆನಪಿನ ಸಭೆಯಲ್ಲಿ, ಮಾತು ಬಲ್ಲವಳೆಂದು ನನ್ನನ್ನು ನಿಲ್ಲಿಸಿದರು. "ನಿಮ್ಮಪ್ಪನ್ನ ಉಳಿಸಿದ್ದು ಹೇಳವ್ವಾ," ಎಂದರು ನೆರೆಯವರೊಬ್ಬರು. ಅದನ್ನು ಹೇಳಲಿಲ್ಲ, ಆಕೆ ಒಪ್ಪುತ್ತಿರಲಿಲ್ಲ. ಆಕೆ ಮಾಡಿದ್ದನ್ನಷ್ಟೇ ಹೇಳಿದೆ. ಜೊತೆಗೆ, ಅಲ್ಲಿಯವರೆಗೆ ಮನೆಯೊಳಗೇ ಇದ್ದ ಸಂಗತಿಯನ್ನೂ: ಮೂರನೆಯ ದಿನ ಗುಳಿಗೆ ನಿಲ್ಲಿಸಿದ್ದು ನನ್ನ ಮಾತು.

ಮುಂದಿನ ಸಾಲಿನಿಂದ ಅಪ್ಪ, ಎಲ್ಲರಿಗೂ ಕೇಳುವಂತೆ, "ನಾನೂ ಹೂಂ ಅಂದಿದ್ದೆ," ಎಂದರು.