ಅಕ್ಕನ ಕೊನೆಯ ಟ್ಯೂಬು

ಸಂಸ್ಥೆಯಲ್ಲಿ ಎಲ್ಲರೂ ಅವರನ್ನು ಗಂಟು ಮೇಷ್ಟ್ರು ಎನ್ನುತ್ತಿದ್ದರು. ನಮ್ಮಂಥ ದಡ್ಡರಿಗೆ ತಿಳಿಯುವ ಹಾಗೆ ಹೇಳುವುದಾದರೆ, ಎರಡು ಮೀಟರ್ ಉದ್ದದ ಡಿಎನ್‌ಎ ದಾರ ಕಣ್ಣಿಗೆ ಕಾಣದ ಜೀವಕೋಶದೊಳಗೆ ಹೇಗೆ ಮಡಿಚಿಕೊಂಡು ಕೂತಿರುತ್ತದೆ, ಯಾವ ಮಡಿಕೆ ಯಾವ ಜೀನನ್ನು ಎಬ್ಬಿಸುತ್ತದೆ, ಯಾವುದನ್ನು ಮಲಗಿಸುತ್ತದೆ ಎಂಬುದೇ ಅವರ ಮೂವತ್ತು ವರ್ಷದ ಸಂಶೋಧನೆ. ಇಷ್ಟೆಲ್ಲ ತಿಳಿದವರಿಗೆ ತಮ್ಮ ಅಂಗಿಯೊಂದನ್ನು ಮಡಿಸಲು ಬರುತ್ತಿರಲಿಲ್ಲ, ಆ ಮಾತು ಬೇರೆ.

ಅವರ ಅಕ್ಕ ಸತ್ತದ್ದು ಯಾರೂ ಹೆಸರಿಡಲಾಗದ ಒಂದು ರೋಗದಿಂದ. ಮೊದಲು ಕೈ ಸೋತಿತು, ಆಮೇಲೆ ಕಾಲು, ಕೊನೆಗೆ ಗಂಟಲು. ಜೀನುಗಳನ್ನು ಅಕ್ಷರ ಬಿಡದೆ ಓದಿದರೂ ಒಂದು ತಪ್ಪೂ ಸಿಗಲಿಲ್ಲ. ತಪ್ಪು ಮಡಿಕೆಯಲ್ಲೇ ಇರಬೇಕು ಎಂದರು ಮೇಷ್ಟ್ರು. ಮಡಿಕೆ ಕಾಣಬೇಕಾದರೆ ಬದುಕಿರುವ ಕೋಶಕ್ಕೆ ಫಾರ್ಮಲಿನ್ ಹಾಕಿ ಇದ್ದಲ್ಲೇ ನಿಲ್ಲಿಸಬೇಕು, ಅಂದರೆ ಕೊಲ್ಲಬೇಕು. ಅಕ್ಕನ ಕೋಶಗಳಿದ್ದ ಟ್ಯೂಬು ಉಳಿದದ್ದು ಒಂದೇ, ದ್ರವ ಸಾರಜನಕದ ತೊಟ್ಟಿಯಲ್ಲಿ ಹೆಪ್ಪುಗಟ್ಟಿ, ಜೀವ ಹಿಡಿದುಕೊಂಡು. ಉಪಕರಣ ಇನ್ನಷ್ಟು ಸುಧಾರಿಸಲಿ ಎನ್ನುತ್ತಾ ಮೇಷ್ಟ್ರು ಆರು ವರ್ಷ ತಳ್ಳಿದರು.

ಒಂದು ದಿನ ಅಕ್ಕನ ಮಗಳು ಲ್ಯಾಬಿಗೇ ಬಂದು ಕುರ್ಚಿ ಎಳೆದುಕೊಂಡು ಕೂತಳು.

“ಮಾಮ, ಅಮ್ಮನ್ನ ಇನ್ನೆಷ್ಟು ವರ್ಷ ಥಂಡಿಯಲ್ಲಿ ಕೂರಿಸ್ತೀಯ?”

“ಇರೋದು ಒಂದೇ ಕಣೇ. ಕೆಟ್ಟುಹೋದ್ರೆ?”

“ನಾನೂ ಇರೋದು ಒಬ್ಬಳೇ. ಅಮ್ಮಂದು ಯಾವ ಮಡಿಕೆ ಕೆಟ್ಟಿತ್ತು ಅಂತ ಗೊತ್ತಾದ್ರೆ ನನ್ನದನ್ನೂ ನೋಡಬಹುದಲ್ಲ. ಮಗು ಬೇಕೋ ಬೇಡವೋ, ಅಷ್ಟು ಹೇಳು ಸಾಕು.”

ಮೇಷ್ಟ್ರು ಟ್ಯೂಬು ತೆಗೆದು ಬೆಚ್ಚನೆಯ ನೀರಿನಲ್ಲಿಟ್ಟು ಹಿಮ ಕರಗಿಸಿದರು. ಒಂದು ಹನಿಗೆ ನೀಲಿ ಬಣ್ಣ ಬೆರೆಸಿದರು. ಬದುಕಿರುವ ಕೋಶ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸತ್ತದ್ದಕ್ಕೆ ಬಾಗಿಲೇ ಇಲ್ಲ, ಬಣ್ಣ ನುಗ್ಗಿ ನೀಲಿಯಾಗುತ್ತದೆ. ಸೂಕ್ಷ್ಮದರ್ಶಕಕ್ಕೆ ಬಗ್ಗಿದ ತಲೆಯನ್ನು ಅವರು ಎತ್ತಲಿಲ್ಲ. ಅವಳೇ ಅವರನ್ನು ಸರಿಸಿ ನೋಡಿದಳು.

“ಎಲ್ಲಾ ನೀಲಿ.”

“ಹೂಂ.”

“ತೊಟ್ಟಿ ಕೆಟ್ಟಿತ್ತಾ?”

ತೊಟ್ಟಿ ನೆಟ್ಟಗಿತ್ತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು.

“ಪ್ರತಿ ಸೋಮವಾರ ಎತ್ತಿ ನೋಡ್ತಿದ್ದೆ. ಇದ್ದಾಳೋ ಇಲ್ಲವೋ ಅಂತ.”

“ಎಷ್ಟು ಹೊತ್ತು?”

“ನಾಲ್ಕು ಮಾತಾಡೋಷ್ಟು.”

ಟ್ಯೂಬನ್ನು ಸುಮ್ಮಸುಮ್ಮನೆ ಎತ್ತಬೇಡಿ, ಎತ್ತಿದಾಗಲೆಲ್ಲ ಒಂದಿಷ್ಟು ಬೆಚ್ಚಗಾಗುತ್ತದೆ, ಒಂದಿಷ್ಟು ಸಾಯುತ್ತದೆ. ಹೊಸ ವಿದ್ಯಾರ್ಥಿಗಳಿಗೆ ಮೇಷ್ಟ್ರು ಕಲಿಸುವ ಮೊದಲ ಪಾಠವೇ ಅದು. ಅತಿ ಸ್ನೇಹ ಗತಿ ಕೇಡು ಎಂದು ಅಕ್ಕ ಚಿಕ್ಕಂದಿನಲ್ಲೇ ಹೇಳಿದ್ದಳು, ಇವರು ಬೆಕ್ಕಿನ ಮರಿಗೆ ಹಾಲು ಕುಡಿಸಿ ಕುಡಿಸಿ ಸಾಯಿಸಿದಾಗ.

 ಅವಳು ಅಂಗಿಯ ತೋಳು ಮೇಲಕ್ಕೆ ಸರಿಸಿದಳು. “ನನ್ನ ರಕ್ತ ತೆಗೆಸಿ ಇಡು. ನನಗೂ ಬಂದ್ರೆ ಅಮ್ಮನ ಬದಲು ನನ್ನದನ್ನ ನೋಡು.”

ನರ್ಸು ಬಂದು ರಕ್ತ ತೆಗೆದು ಹೋದಳು. ಹೊಸ ಟ್ಯೂಬಿನ ಮೇಲೆ ಸಂಖ್ಯೆ ಬರೆಯಲು ಅಕ್ಕನ ಮಗಳೇ ಪೆನ್ನು ತೆಗೆದುಕೊಂಡಳು. ಅದು ಬೆರಳಿನಿಂದ ಜಾರಿ ಬಿತ್ತು. ಎತ್ತಿಕೊಂಡಳು. ಮತ್ತೆ ಜಾರಿತು. ಮೇಷ್ಟ್ರು ನೋಡಿದರು. ಪೆನ್ನು ಎತ್ತಿ ತಾವೇ ಸಂಖ್ಯೆ ಬರೆದರು.

“ನನ್ನನ್ನ ಮಾತ್ರ ಎತ್ತೆತ್ತಿ ನೋಡಬೇಡ ಮಾಮ,” ಎಂದಳು.