ವರ್ಡೆಲ್‌ಗೆ ಮಾಡಿದ ಸನ್ಮಾನ

ನಾವಿರುವ ಬಡಾವಣೆ ಎಜುಕೇಶನ್ ಹಿಲ್‌ನಲ್ಲಿ ನಮ್ಮ ಮಕ್ಕಳ ಸ್ಕೂಲ್ ಬಸ್ ಓಡಿಸುವವರು ವರ್ಡೆಲ್. ಮಕ್ಕಳ ಬಾಯಲ್ಲಿ ಮಿಸ್ ವರ್ಡೆಲ್. ಹತ್ತಿರದ ಊರು ಕೆಂಟ್‌ನ ಗೋದಾಮುಗಳ ನಡುವೆ ಬೆಳೆದವರು. ಅಲ್ಲಿನ ಕ್ಲಬ್ಬೊಂದರಲ್ಲಿ ಮೈಕ್ ಹಿಡಿದು ಜನರನ್ನು ನಗಿಸಿದ ಮೊದಲ ಕಪ್ಪು ಹೆಂಗಸು. ಕುಡಿದವರು ಬಾಟಲಿ ಎಸೆದರು. ನಿನ್ನ ಜನರನ್ನೇ ಅಣಕಿಸು ಎಂದ ಮಾಲೀಕ. ಇವರು ಅಣಕಿಸಿದ್ದು ಮಾಲೀಕನನ್ನು, ಕೆಲಸ ಹೋಯಿತು. ಹೊಟ್ಟೆಪಾಡಿಗೆ ಬಸ್ಸಿನ ಸ್ಟೀರಿಂಗ್ ಹಿಡಿದರೇ ಹೊರತು ಹಾಸ್ಯ ಬಿಡಲಿಲ್ಲ. ಇಂದು ಆಚೆ ಊರು ಲಿನ್‌ವುಡ್‌ನ ವೇದಿಕೆಗಳಲ್ಲಿ ಹಾಸ್ಯ ಮಾಡುವ ಹುಡುಗಿಯರೂ ಅವರನ್ನು ಕಂಡರೆ ಎದ್ದು ನಿಲ್ಲುತ್ತಾರೆ.

ಇಂಥವರನ್ನು ನಮ್ಮ ಕನ್ನಡ ಸಂಘದ ಯುಗಾದಿಗೆ ಕರೆದದ್ದು ನಾನು. ಅರ್ಧ ಗಂಟೆ ನಿಮ್ಮದೇ ಎಂದು ಮಾತು ಕೊಟ್ಟಿದ್ದೆ. ಅದಕ್ಕಾಗಿ ನಮ್ಮ ಬಗ್ಗೆ ನನ್ನನ್ನು ಕೇಳಿ ಕೇಳಿ ಹೊಸ ಹಾಸ್ಯ ಕಟ್ಟಿದ್ದರು.

ಆದರೆ ಅಧ್ಯಕ್ಷ ಅಶ್ವತ್ಥರ ಕೈಗೆ ಮೈಕ್ ಸಿಕ್ಕರೆ ಕೊರೆತಕ್ಕೆ ಕೊನೆಯುಂಟೆ? ಪ್ರಾಸ್ತಾವಿಕ ಮಾತು, ಪ್ರಾಯೋಜಕರ ಸ್ತುತಿ, ಮಾಜಿ ಅಧ್ಯಕ್ಷರ ಗುಣಗಾನ. ಆಮೇಲೆ ವರ್ಡೆಲ್‌ರನ್ನು ಕುರ್ಚಿಯಲ್ಲಿ ಕೂರಿಸಿ ಹಾರ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಫೋಟೋ ಆಯಿತು. ಅವರು ಎದ್ದು ಮೈಕಿನತ್ತ ಬರುವಷ್ಟರಲ್ಲಿ ಅಶ್ವತ್ಥ ವಂದನಾರ್ಪಣೆ ಮುಗಿಸಿ ಎಲ್ಲರನ್ನೂ ಊಟಕ್ಕೆ ಕರೆದೇಬಿಟ್ಟರು. ನಾನು ಓಡಿಹೋಗಿ ಜಗಳ ತೆಗೆದೆ.

“ಸನ್ಮಾನ ಮಾಡಿದೀವಲ್ರೀ ಭಾನುಮತಿ, ಇನ್ನೇನ್ ಬೇಕು? ಬಿಸಿಬೇಳೆ ಬಾತ್ ತಣ್ಣಗಾಗ್ತಿದೆ,” ಎಂದರು.

ನನಗೆ ಬುಟ್ಟಿಯಲ್ಲಿದ್ದ ಅನಾನಸನ್ನು ಅವರ ತಲೆಯ ಮೇಲೆ ಎತ್ತಿಹಾಕಬೇಕೆನ್ನಿಸಿತು.

ವರ್ಡೆಲ್ ಪೇಟ ತೆಗೆಯದೆ ಸೀದಾ ಊಟದ ಸಾಲಿನ ಬಳಿ ಬಂದರು. ಊಟದ ಸಾಲು ಬಿಟ್ಟು ಕದಲುವ ಕನ್ನಡಿಗ ಇನ್ನೂ ಹುಟ್ಟಿಲ್ಲ. ಅಲ್ಲೇ ತಮ್ಮ ಹಾಸ್ಯ ಶುರುವಿಟ್ಟುಕೊಂಡರು, ಮೈಕಿಲ್ಲದೆ. ಸಂಜೆ ಒಳಗೆ ಬರುವಾಗ ಇಬ್ಬರು ಮಹನೀಯರು ಅವರನ್ನು ಕೇಟರಿಂಗಿನವರೆಂದುಕೊಂಡು, ಪಾತ್ರೆಗಳನ್ನು ಹಿಂದಿನ ಬಾಗಿಲಿಂದ ತನ್ನಿ ಎಂದರಂತೆ. ಈಗ ತಲೆಗೆ ಪೇಟ ಬಂದಿರುವುದರಿಂದ ಬಡ್ತಿ ಸಿಕ್ಕಿದೆಯಂತೆ, ಮುಖ್ಯ ಅಡುಗೆಯವರಂತೆ! ಮಕ್ಕಳು ಬಿದ್ದು ಬಿದ್ದು ನಕ್ಕರು. ದೊಡ್ಡವರು ತಟ್ಟೆ ನೋಡಿಕೊಂಡು ನಕ್ಕರು. ಆ ಇಬ್ಬರು ಮಾತ್ರ ಹಪ್ಪಳ ಮುರಿಯುತ್ತಾ ನಿಂತರು.

ಅಶ್ವತ್ಥ ಧಾವಿಸಿ ಬಂದು, ಇಷ್ಟು ಗೌರವ ಕೊಟ್ಟ ಮೇಲೂ ನಮ್ಮನ್ನು ಹೀಗೆ ಅವಮಾನಿಸುವುದೇ ಎಂದು ಇಂಗ್ಲಿಷಿನಲ್ಲಿ ಗದರಿದರು.

ವರ್ಡೆಲ್ ಶಾಲನ್ನು ಮಡಚಿ ಅವರ ಕೈಗಿಟ್ಟರು.

“ನನ್ನನ್ನ ಸ್ಟೇಜಿಂದ ಬೈದು ಇಳಿಸಿದವರು ಬೇಕಾದಷ್ಟು ಜನ ಇದಾರೆ. ಹಾರ ಹಾಕಿ ಇಳಿಸಿದವರು ನೀವೇ ಮೊದಲು.”

ಈ ಸಲ ಮಕ್ಕಳೂ ನಗಲಿಲ್ಲ.