ನಾನು ನೇಯದ ಸೀರೆ

ಆ ಸೀರೆಯನ್ನು ನೇಯ್ದವಳು ನಾನಲ್ಲ. ಹದಿನಾರು ವರ್ಷ ನೀವೆಲ್ಲ ನನ್ನನ್ನು ‘ಸೀರಿ ಸಾವಕ್ಕ’ ಎಂದು ಕರೆದಿರಿ, ಪ್ರತಿ ಸಮ್ಮೇಳನದಲ್ಲೂ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸಿದಿರಿ. ನಾನು ಕೂತೆ. ಕೂತು ಸುಖಪಟ್ಟೆ — ಇದನ್ನೂ ಈಗಲೇ ಹೇಳಿಬಿಡುತ್ತೇನೆ. ಮುಳ್ಳಿನ ಮೇಲೆ ಕೂತಂತಿತ್ತು ಎಂದರೆ ಅದು ಇನ್ನೊಂದು ಸುಳ್ಳಾದೀತು. ನಾಟಕದ ಶೇವಂತಾಬಾಯಿಯವರಿಗೆ ಆ ಸೀರೆ ನೇಯ್ದವಳು ನನ್ನ ಮೈದುನನ ಹೆಂಡತಿ, ನನ್ನ ನೆಗೆಣ್ಣಿ ಮಹಾದೇವಿ.

ಈ ಸಲದ ಸಭೆಗೆ ಬಾರದವರು ವಾಟ್ಸಾಪಿನಲ್ಲಿ ತಲೆಗೊಂದು ಮಾತು ಆಡುತ್ತಿದ್ದೀರಿ. ಅದಕ್ಕೇ ನಮ್ಮ ಅಭಿಮಾನಿ ಬಳಗದ ಸಂಚಿಕೆಗೆ ನಾನೇ ಬರೆದುಕೊಡುತ್ತಿದ್ದೇನೆ. ಬೈಯುವವರು ಓದಿ ಬೈಯಿರಿ.

ಬನಹಟ್ಟಿಯ ನಮ್ಮ ಓಣಿಯಲ್ಲಿ ಗಂಡಸರು ಮಗ್ಗದ ಮೇಲೆ, ಹೆಂಗಸರು ಕಂಡಿಕೆಗೆ ನೂಲು ಸುತ್ತುವ ರಾಟೆಯ ಮುಂದೆ — ಇದು ರೂಢಿ. ಮನೆಗೆ ಪವರ್‌ಲೂಮ್ ಬಂದಮೇಲೆ ಮಾವನವರ ಕೈಮಗ್ಗ ಹಾಗೇ ಬಿದ್ದಿತ್ತು. ಮಧ್ಯಾಹ್ನ ಎಲ್ಲರೂ ಉಂಡು ಅಡ್ಡಾದ ಹೊತ್ತಿಗೆ ಮಹಾದೇವಿ ಅದರ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದಳು. ಬಾಯಲ್ಲಿ ಶೇವಂತಾಬಾಯಿಯವರ ಹಾಡು. ಅವರ ನಾಟಕವನ್ನು ಅವಳು ನೋಡಿದ್ದು ಒಂದೇ ಸಲ, ಮದುವೆಗೆ ಮೊದಲು, ಬೀಳಗಿಯಲ್ಲಿ. ಆದರೂ ಹಾಡು, ಮಾತು, ನಡುವೆ ಅವರು ಕೆಮ್ಮಿದ್ದು ಸಹ ಅವಳಿಗೆ ಬಾಯಿಪಾಠವಾಗಿತ್ತು. ಸೀರೆಗೆ ಕೆಂಪು ಒಡಲು, ಹಸಿರು ಅಂಚು. ಎರಡು ತಿಂಗಳು ಹಿಡಿಯಿತು. ನನ್ನ ಪಾಲು? ಕಂಡಿಕೆ ಸುತ್ತಿಕೊಟ್ಟೆ. ಅದೂ ಅವಳು ಮೂರು ಸಲ ಕರೆದಮೇಲೆ.

ಆಗ ಮುಧೋಳದಲ್ಲಿ ಬಾಯಿಯವರ ನಾಟಕ ಕಂಪನಿಯ ಕ್ಯಾಂಪು ನಡೆದಿತ್ತು. ರವಿವಾರ ಮಧ್ಯಾಹ್ನದ ಆಟಕ್ಕೆ ಇಬ್ಬರೂ ಹೋಗುವುದೆಂದು ನಿಶ್ಚಯವಾಗಿತ್ತು. ಅದೇ ಬೆಳಿಗ್ಗೆ ಮಹಾದೇವಿಯ ಮಗಳಿಗೆ ಮೈ ಸುಡುವಷ್ಟು ಜ್ವರ. ಸೀರೆಯನ್ನು ಹೊಸ ಟವೆಲಿನಲ್ಲಿ ಸುತ್ತಿ ನನ್ನ ಕೈಗಿಟ್ಟಳು.

“ಅಕ್ಕಾ, ನೀನಽ ಕೊಟ್ಟು ಬಾ. ಬನಹಟ್ಟಿ ಮಹಾದೇವಿ ನೇಯ್ದಾಳ್ರೀ ಅಂತ ಅಷ್ಟು ಹೇಳು. ಮತ್ತೇನೂ ಬ್ಯಾಡ.”

ಅಂಕ ಮುಗಿದು ಪರದೆ ಬಿದ್ದಾಗ ಅಭಿಮಾನಿಗಳು ರಂಗವೇರಿ ಪರದೆಯ ಮುಂದೆ ಕಲಾವಿದರಿಗೆ ಆಯೇರಿ ಮಾಡುವುದು, ಅಂದರೆ ಬಟ್ಟೆಬರೆ ಉಡುಗೊರೆ ಕೊಡುವುದು ನಮ್ಮ ಕಡೆಯ ಪದ್ಧತಿ. ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ನನ್ನ ಸರದಿ ಬಂತು. ಬಾಯಿಯವರು ಮಡಿಕೆ ಬಿಚ್ಚಿ ಅಂಚಿನ ಮೇಲೆ ಬೆರಳಾಡಿಸಿದರು. ಆಡಿಸುತ್ತಲೇ ಇದ್ದರು. ಆಮೇಲೆ ನನ್ನ ಗಲ್ಲ ಹಿಡಿದು ಕೇಳಿದರು:

“ಎಷ್ಟು ಛಲೋ ಕೈ ಐತವ್ವಾ! ಯಾರು ನೇಯ್ದಾರ ಇದನ್ನ?”

“ನಾನಽ ರೀ.”

ಯಾಕೆ ಹಾಗೆಂದೆ — ಆ ದೀಪಗಳು, ಗಲ್ಲದ ಮೇಲಿನ ಆ ಕೈ, ಎದುರಿಗೆ ಟೆಂಟು ತುಂಬ ಜನ... ಇಲ್ಲ, ಬೇಡ. ಅನ್ನಬೇಕೆನಿಸಿತು, ಅಂದೆ. ‘ಬನಹಟ್ಟಿಯ ಸಾವಕ್ಕ ಸ್ವತಃ ನೇಯ್ದ ಸೀರೆ’ ಎಂದು ಮೈಕು ಕೂಗಿತು, ಸಿಳ್ಳು ಬಿದ್ದವು. ನನ್ನ ಮದುವೆಯಲ್ಲಿ ಸಹ ಅಷ್ಟು ಜನ ನನ್ನನ್ನು ನೋಡಿರಲಿಲ್ಲ.

ಮನೆಗೆ ಬಂದರೆ ಮಹಾದೇವಿ ಬಾಗಿಲಲ್ಲೇ ನಿಂತಿದ್ದಳು. ಆಗಲಾದರೂ ಹೇಳಬಹುದಿತ್ತು. ಅವಳ ಮುಖ ನೋಡಿ ನಾಲಿಗೆ ತನ್ನಷ್ಟಕ್ಕೆ ತಾನೇ ಓಡಿತು — ಸೀರೆ ಕಣ್ಣಿಗೊತ್ತಿಕೊಂಡರು, ನಿನ್ನ ಹೆಸರು ಎರಡು ಸಲ ಕೇಳಿದರು, ‘ಮಹಾದೇವಿಗೆ ಹೇಳು, ಇದನ್ನು ಹಬ್ಬಕ್ಕೆ ಉಡುತ್ತೇನೆ’ ಎಂದರು. ಇವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಊರಿಗೆಲ್ಲ ಸಾರುವವಳಲ್ಲ, ಒಬ್ಬಳೇ ರಾಟೆ ತಿರುವುವಾಗ ಆ ಮಾತನ್ನು ನೆನೆದು ನಗುವುದನ್ನು ಎಷ್ಟು ಸಲ ನೋಡಿದ್ದೇನೋ.

ಒಂದು ಸುಳ್ಳನ್ನು ಸಾಕುವುದು ಎಮ್ಮೆ ಸಾಕಿದ ಹಾಗೆ, ದಿನಾ ಮೇವು ಹಾಕಬೇಕು. ಬಳಗ ಹುಟ್ಟಿತು, ಜಮಖಂಡಿಯ ಕಲ್ಯಾಣ ಮಂಟಪದಲ್ಲಿ ವರ್ಷವರ್ಷ ಸಮ್ಮೇಳನ ಶುರುವಾಯಿತು. ನಾಟಕದ ಹಳೆಯ ಟಿಕೆಟುಗಳನ್ನು ವಹಿಯಲ್ಲಿ ಅಂಟಿಸಿಕೊಂಡು ತರುವವರು, ಬಾಯಿಯವರ ಮಾತುಗಳನ್ನು ಅವರ ಎದುರೇ ಒಪ್ಪಿಸಿ ಅವರಿಂದಲೇ ತಿದ್ದಿಸಿಕೊಳ್ಳುವವರು — ಆ ಸಡಗರದ ನಡುವೆ ಅವರು ನನ್ನನ್ನು ‘ನಮ್ಮ ನೇಕಾರ ತಂಗಿ’ ಎನ್ನುತ್ತಿದ್ದರು. ನಾನು ಸೀರೆ ಮುಟ್ಟಿಸಿ ಬಂದಿದ್ದಕ್ಕೆ ‘ಸೀರಿ ಸಾವಕ್ಕ’ ಆದೆನೆಂದು ಮನೆಯವರು ತಿಳಿದಿದ್ದರು. ಮಹಾದೇವಿಯದು ಬಟನ್ ಫೋನು; ನನ್ನ ಪುಣ್ಯ ಎಂದುಕೊಂಡೆ. ಪ್ರತಿ ವರ್ಷ ಅವಳು “ಅಕ್ಕಾ, ಈ ಸಲ ನಾನೂ ಬರಲೇನು?” ಎನ್ನುವಳು. ನಾನು “ಭಾಳ ಗದ್ದಲ ಇರತೈತಿ ಬೇ, ನಿನ್ನ ಮೊಣಕಾಲಿಗೆ ಆಗಂಗಿಲ್ಲ” ಎನ್ನುವೆ. ಅವಳ ಮೊಣಕಾಲು ಆಗ ನನ್ನವಕ್ಕಿಂತ ಗಟ್ಟಿಯಾಗಿದ್ದವು.

ಹೋದ ವರ್ಷ ಬಾಯಿಯವರು ಅದೇ ಸೀರೆ ಉಟ್ಟು ಬಂದರು. ಪಕ್ಕಕ್ಕೆ ಕರೆದು ಸೆರಗಿನ ತುದಿ ತೋರಿಸಿದರು.

“ತಂಗಿ, ಇಲ್ಲೊಂದು ಕರಿ ಎಳಿ ಐತಿ ನೋಡು. ಒಂದಽ ಒಂದು. ಎಷ್ಟೋ ದಿನದಿಂದ ಕೇಳಬೇಕಂತಿದ್ದೆ, ಯಾಕ ಹಾಕಿದಿ?”

ನಾನು ಅದನ್ನು ನೋಡಿರಲೇ ಇಲ್ಲ. “ತಪ್ಪಿ ಬಂದಿರಬೇಕ್ರೀ ಬಾಯಾರ” ಎಂದೆ. ಅವರ ಮುಖ ಸಣ್ಣಗಾಯಿತು. ಸೆರಗು ಮಡಿಸಿಕೊಂಡು ಅತ್ತ ಹೋದರು.

ಊರಿಗೆ ಬಂದು ಮಹಾದೇವಿಯನ್ನು ಸುತ್ತಿಬಳಸಿ ಕೇಳಿದೆ. ಅವಳು ರಾಟೆ ನಿಲ್ಲಿಸಲೂ ಇಲ್ಲ.

“ತಪ್ಪಲ್ಲ ಅಕ್ಕಾ, ಬೇಕಂತಲೇ ಹಾಕೀನಿ. ದಿನಾ ಅಷ್ಟು ಮಂದಿ ಕಣ್ಣು ಆಕಿ ಮ್ಯಾಲ ಬೀಳತೈತಿ. ದೃಷ್ಟಿ ಆಗಬಾರ್ದಲ್ಲ.”

ಕೂಸಿನ ಗಲ್ಲಕ್ಕೆ ಕಾಡಿಗೆಯ ಬೊಟ್ಟು ಇಡುವ ಹಾಗೆ ಅವಳು ಇಟ್ಟ ಎಳೆ ಅದು. ಅದನ್ನು ನಾನು ತಪ್ಪು ಎಂದು ಬಂದಿದ್ದೆ. ಹೆಸರು ಕದ್ದಿದ್ದನ್ನು ಹದಿನೈದು ವರ್ಷ ಅರಗಿಸಿಕೊಂಡವಳಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಎಲ್ಲ ಹೇಳಿದೆ.

ಅವಳು ಬೈಯಲಿಲ್ಲ. ಒಂದೇ ಕೇಳಿದಳು:

“ಹಂಗಾರ ಬಾಯಾರಿಗೆ ನನ್ನ ಹೆಸರಽ ಗೊತ್ತಿಲ್ಲೇನು?”

ಇಲ್ಲ ಎಂದೆ. ನಾನು ಕೊಟ್ಟಿದ್ದ ಅಷ್ಟು ವರ್ಷಗಳ ನಗುವನ್ನು ಒಂದು ಮಾತಿನಲ್ಲಿ ಕಿತ್ತುಕೊಂಡೆ. ಅದು ಹೇಗೂ ನನ್ನದಾಗಿರಲಿಲ್ಲ, ಕೊಡಲಿಕ್ಕೆ. ಆಮೇಲೆ ಎಷ್ಟೋ ದಿನ ಗೋಡೆಯ ಆಚೆಯಿಂದ ರಾಟೆಯ ಸದ್ದು ಬರುತ್ತಿತ್ತು, ಹಾಡು ಬರಲಿಲ್ಲ. ಕೊನೆಗೆ ಒಂದು ದಿನ ಅವಳೇ ಬಂದು ಹೊಸ್ತಿಲಲ್ಲಿ ನಿಂತಳು. “ಈ ವರ್ಷ ನಾ ಬರಾಕಿ. ಗದ್ದಲ ಇರಲಿ, ಏನರ ಇರಲಿ. ಎಲ್ಲಾರ ಮುಂದ ನೀನಽ ಹೇಳಬೇಕು.”

ಹೇಳಿದೆ. ಸಮ್ಮೇಳನದಲ್ಲಿ ಎಂದಿನಂತೆ ನನ್ನನ್ನು ವೇದಿಕೆಯ ಮೇಲೆ ಕರೆದಾಗ ಅವಳ ಕೈ ಹಿಡಿದುಕೊಂಡೇ ಹತ್ತಿದೆ. “ಬಾಯಾರ, ಆ ಸೀರಿ ನೇಯ್ದಾಕಿ ಈಕಿ. ಹೆಸರು ಮಹಾದೇವಿ. ನಾ ಸುಳ್ಳು ಹೇಳಿದ್ದೆ. ಕರಿ ಎಳಿ ತಪ್ಪಿ ಬಂದಿದ್ದಲ್ಲ, ನಿಮಗ ದೃಷ್ಟಿ ತಾಗಬಾರ್ದಂತ ಹಾಕ್ಯಾಳ.” ಬಾಯಿಯವರು ನನ್ನ ಕಡೆ ನೋಡಲಿಲ್ಲ. ಮಹಾದೇವಿಯ ಎರಡೂ ಕೈ ಹಿಡಿದುಕೊಂಡು, ಮುಂದಿನ ಸಾಲಿಗೆ ಇಳಿದು, ನನ್ನ ಕುರ್ಚಿಯಲ್ಲಿ ಅವಳನ್ನು ಕೂರಿಸಿ ತಾವೂ ಪಕ್ಕದಲ್ಲಿ ಕೂತರು.

ನಾನು ಹಿಂದೆ ಹೋಗಿ ಊಟದ ಮನೆಯಲ್ಲಿ ರೊಟ್ಟಿ ಬಡಿಸಲು ನಿಂತೆ. ಕೆಲವರು ನನ್ನ ಕೈಯಿಂದ ರೊಟ್ಟಿ ಹಾಕಿಸಿಕೊಳ್ಳಲಿಲ್ಲ. ಸರಿಯೇ. ಬಾಗಿಲ ಸಂದಿಯಿಂದ ಇಬ್ಬರ ತಲೆಗಳೂ ಒಂದಕ್ಕೊಂದು ತಾಗಿದಂತೆ ಕಾಣುತ್ತಿದ್ದವು. ಏನೋ ಮಾತು, ನಡುನಡುವೆ ನಗು. ನಾಚಿಕೆ ಇತ್ತು, ಇನ್ನೂ ಇದೆ — ಆದರೂ ಆ ದಿನ ನನಗಾದ ಸಮಾಧಾನ ಮುಂದಿನ ಸಾಲಿನಲ್ಲಿ ಒಂದು ವರ್ಷವೂ ಆಗಿರಲಿಲ್ಲ. ಬಳಗದ ಪಟ್ಟಿಯಲ್ಲಿ ನನ್ನ ಹೆಸರಿನ ಹಿಂದಿರುವ ‘ಸೀರಿ’ಯನ್ನು ಹೊಡೆದುಹಾಕಿ, ಬರೀ ಸಾವಿತ್ರಿ ಸಾಕು.

ವಾಪಸು ಬರುವಾಗ ಬಸ್ಸಿನಲ್ಲಿ ಮಹಾದೇವಿ ಕಿಟಕಿಯ ಪಕ್ಕ ಕೂತಿದ್ದಳು. ಬನಹಟ್ಟಿ ಹತ್ತಿರ ಬಂದಾಗ ನನ್ನ ಕಡೆ ತಿರುಗಿದಳು.

“ಬಾಯಾರ ನನಗೊಂದು ಮಾತು ಹೇಳ್ಯಾರ. ನಿನಗ ಹೇಳಂಗಿಲ್ಲ.”

“ಬ್ಯಾಡ,” ಎಂದೆ. “ನನಗ ಹೇಳಬ್ಯಾಡ.”